ಪಾರಿವಾಳದ ಕಂಠಾಭರಣ

ಪ್ರೇಮವನ್ನು ಕುರಿತು ಗ್ರಂಥ ರಚಿಸಿದವನು ರಸಿಕ ಕವಿಯೋ ವಿಲಾಸಿಯಾದ ರಾಜಕುಮಾರನೋ ಆಗಿರಬೇಕೆಂದು ನಾವು ಸಹಜವಾಗಿ ಊಹಿಸುತ್ತೇವೆ. ಅರಬ್ಬೀ ಭಾಷೆಯಲ್ಲಿ ಈ ವಿಷಯವಾಗಿ ಹುಟ್ಟಿದ ಗ್ರಂಥಗಳಲ್ಲಿ ಹೆಸರುವಾಸಿಯಾದ ‘ಪಾರಿವಾಳದ ಕಂಠಾಭರಣ’ವನ್ನು ಬರೆದವನಾದರೋ ಇಬ್ನ್ ಹಜ್ಮ್ ಎಂಬ ಧರ್ಮಶಾಸ್ತ್ರಜ್ಞ, ಶಾಸ್ತ್ರವಾಕ್ಯದ ಅಕ್ಷರಾರ್ಥವನ್ನು ಬಿಟ್ಟು ಕದಲದವನು, ವಾದದಲ್ಲಿ ಕತ್ತಿಯಂಥ ನಾಲಗೆಯವನು.

ಈತನು 994ರಲ್ಲಿ ಸ್ಪೇನ್ ದೇಶದ ಕೊರ್ಡೋವಾ ನಗರದಲ್ಲಿ, ಮಂತ್ರಿಯೊಬ್ಬನ ಮಗನಾಗಿ ಹುಟ್ಟಿದನು. ಬಾಲ್ಯವೆಲ್ಲ ಅಂತಃಪುರದಲ್ಲಿ ಕಳೆಯಿತು. ಕುರಾನನ್ನೂ ಕವಿತೆಯನ್ನೂ ಬರವಣಿಗೆಯನ್ನೂ ಅವನಿಗೆ ಕಲಿಸಿದವರು ಸ್ತ್ರೀಯರೇ. 1009ರಲ್ಲಿ ಎದ್ದ ಅಂತಃಕಲಹದಿಂದ ಆ ವೈಭವ ಮಣ್ಣುಗೂಡಿತು. 1012ರಲ್ಲಿ ತಂದೆ ತೀರಿಹೋದನು. ಮರುವರ್ಷವೇ ಮಗನು ಊರು ಬಿಟ್ಟನು. ಕೆಲವು ವರ್ಷಗಳ ಮೇಲೆ ಶಾತಿಬಾ ಪಟ್ಟಣದಲ್ಲಿದ್ದಾಗ, ಸ್ನೇಹಿತನೊಬ್ಬನ ಬಯಕೆಯನ್ನು ಮೀರಲಾರದೆ, ಈ ಗ್ರಂಥವನ್ನು ಬರೆದನು.

ಇದರಲ್ಲಿ ಮೂವತ್ತು ಅಧ್ಯಾಯಗಳಿವೆ. ಪ್ರೇಮದ ಲಕ್ಷಣ, ಕಣ್ಸನ್ನೆ, ಓಲೆ, ದೂತ, ಚಾಡಿಕೋರ, ಅಗಲಿಕೆ, ಮರವೆ, ಮರಣ, ಹೀಗೆ ವಿಷಯಗಳು ಸಾಗುತ್ತವೆ. ನಮ್ಮ ಚಂದ್ರರಾಜನ ‘ಮದನತಿಲಕ’ವೂ ಅದೇ 11ನೆಯ ಶತಮಾನದ್ದು, ಆದರೆ ಅದು ಕಾಮಶಾಸ್ತ್ರ. ಇದಾದರೋ ಶಾಸ್ತ್ರದ ಉಡುಪು ತೊಟ್ಟ ನೆನಪು. ಮರುಭೂಮಿಯ ಹಳೆಯ ಪ್ರೇಮಿಗಳ ಕಥೆ ತನಗೆ ಬೇಡ, ತಾನು ಕಂಡದ್ದನ್ನೂ ನಂಬಿಕಸ್ಥರಿಂದ ಕೇಳಿದ್ದನ್ನೂ ಮಾತ್ರ ಹೇಳುವೆನೆಂಬುದು ಅವನ ಪಣ.

ಆ ಪಣಕ್ಕೆ ಒಂದು ಪ್ರಸಂಗವೇ ಸಾಕ್ಷಿ. ತಂದೆಯ ಮನೆಯಲ್ಲಿ ಬೆಳೆದ ದಾಸಿಯೊಬ್ಬಳಲ್ಲಿ ಆತನಿಗೆ ಎಳೆಯ ವಯಸ್ಸಿನಲ್ಲೇ ಅನುರಾಗ ಹುಟ್ಟಿತು. ಒಂದು ದಿನ ಮನೆಯ ಹೆಂಗಸರೆಲ್ಲರೂ ನಗರದ ನೋಟ ಕಾಣುವ ಮೇಲ್ಮಾಳಿಗೆಯ ಕಿಂಡಿಗಳ ಬಳಿ ಸೇರಿದ್ದರು. ಇವನು ಅವಳು ನಿಂತ ಕಿಂಡಿಯತ್ತ ನಡೆದರೆ, ಅವಳು ಮೆಲ್ಲನೆ ಇನ್ನೊಂದಕ್ಕೆ ಸರಿಯುವಳು. ಅಲ್ಲಿಗೂ ಹೋದರೆ ಮತ್ತೊಂದಕ್ಕೆ. ಆಮೇಲೆ ತೋಟಕ್ಕಿಳಿದಾಗ, ಯಜಮಾನಿಯ ಅಪ್ಪಣೆಯಂತೆ ಅವಳು ತಂತಿವಾದ್ಯವನ್ನು ಎತ್ತಿಕೊಂಡು ಹಾಡಿದಳು. ಅವನಿಗೆ ದಕ್ಕಿದ್ದು ಅಷ್ಟೇ. ತಂದೆ ತೀರಿದ ಮೇಲೆ, ಬಂಧುವೊಬ್ಬರ ಶವಸಂಸ್ಕಾರದ ದಿನ, ಅಳುವವರ ನಡುವೆ ಅವಳನ್ನು ಮತ್ತೆ ಕಂಡನು. ವನವಾಸದ ವರ್ಷಗಳನ್ನು ಕಳೆದು ಕೊರ್ಡೋವಾಕ್ಕೆ ಮರಳಿದಾಗ ಅವಳು ಎದುರಿಗೇ ಇದ್ದರೂ, ಇವಳೇ ಅವಳೆಂದು ಬೇರೆಯವರು ಹೇಳಬೇಕಾಯಿತು. ಆಶ್ರಯ ತಪ್ಪಿ, ಹೊಟ್ಟೆಪಾಡಿಗಾಗಿ ದುಡಿದು, ರೂಪವೆಲ್ಲ ಬಾಡಿಹೋಗಿತ್ತು. ಊರು ಹಾಳಾದುದನ್ನು ಇತಿಹಾಸಕಾರರು ಹೇಳುತ್ತಾರೆ. ಹಾಳಾಗುವುದೆಂದರೆ ಏನೆಂದು ನಮಗೆ ತಿಳಿದದ್ದು ಈ ಮುಖದಿಂದ.

ಕೊನೆಯ ಎರಡು ಅಧ್ಯಾಯಗಳಲ್ಲಿ ಪಾಪದ ನಿಂದೆಯೂ ಸಂಯಮದ ಸ್ತುತಿಯೂ ಇವೆ. ಧರ್ಮಶಾಸ್ತ್ರಜ್ಞನು ಅಲ್ಲಿ ತನ್ನ ಪೀಠಕ್ಕೆ ಮರಳುತ್ತಾನೆ. ಇದನ್ನು ಕೆಲವರು ತೋರಿಕೆಯೆನ್ನಬಹುದು. ನಾವು ಹಾಗೆ ಎಣಿಸುವುದಿಲ್ಲ.

ಗ್ರಂಥ ಉಳಿದದ್ದು 1338ರಲ್ಲಿ ನಕಲಾದ ಒಂದೇ ಹಸ್ತಪ್ರತಿಯಿಂದ. ಅದು ಹಾಲೆಂಡಿನ ಲೈಡನ್ನಿನಲ್ಲಿದೆ, ಅಚ್ಚಾದದ್ದು 1914ರಲ್ಲಿ. ಆ ನಕಲುಗಾರನು ಪುಣ್ಯಾತ್ಮ! ಗ್ರಂಥ ಅಂದವಾಗಲೆಂದು ಇಬ್ನ್ ಹಜ್ಮನ ಪದ್ಯಗಳಲ್ಲಿ ಬಹುಪಾಲನ್ನು ಬಿಟ್ಟೆನೆಂದು ತಾನೇ ಬರೆದಿಟ್ಟಿದ್ದಾನೆ. ಕಿಂಡಿಯಿಂದ ಕಿಂಡಿಗೆ ಸರಿದವಳ ಕಥೆಯನ್ನು ಮಾತ್ರ ಬಿಡಲಿಲ್ಲ.