ಗುತ್ತಿನ ಮನೆಯ ಗದ್ದೆ ಯಾರಿಗೆ?



ಮೊದಲು ಒಂದು ಸಣ್ಣ ಲೆಕ್ಕ. ಒಂದು ಮನೆಗೆ 12 ಎಕರೆ ಗದ್ದೆ, ತೋಟ ಇದೆ ಎನ್ನಿ. ಯಜಮಾನನಿಗೆ ನಾಲ್ಕು ಮಕ್ಕಳು. ಸಮಪಾಲು ಮಾಡಿದರೆ ತಲೆಗೆ 3 ಎಕರೆ. ಆ ನಾಲ್ವರಿಗೂ ನಾಲ್ಕು ನಾಲ್ಕು ಮಕ್ಕಳಾದರೆ ತಲೆಗೆ 75 ಸೆಂಟ್ಸು. ಮುಂದಿನ ತಲೆಮಾರಿಗೆ 19 ಸೆಂಟ್ಸೂ ಸಿಗುವುದಿಲ್ಲ. ಅಷ್ಟರಲ್ಲಿ ಮನೆ ಕಟ್ಟಬಹುದು, ಹಿತ್ತಿಲಲ್ಲಿ ಬಸಳೆ ಚಪ್ಪರ ಹಾಕಬಹುದು. ಬೇಸಾಯ ಮಾಡಿ ಬದುಕಲಾಗದು.

ನಾನು ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಇತಿಹಾಸಕ್ಕೆ ಬಂದದ್ದು ದೂರದರ್ಶನದ ಕೆಲಸದ ಮೂಲಕ. ಹಾಗಾಗಿ ಭೂಮಿಯ ವಾರಸಿನ ವಿಷಯ ನನಗೆ ಮೊದಲು ಕಂಡದ್ದು ಈ ಭಾಗಾಕಾರದ ರೂಪದಲ್ಲಿಯೇ. ನೆಲ ಚೂರಾಗಬಾರದು ಎಂದರೆ ಭಾಜಕವನ್ನು ಚಿಕ್ಕದು ಮಾಡಬೇಕು. ಅಂದರೆ ಮನೆಯಲ್ಲಿ ಹುಟ್ಟಿದ ಕೆಲವರನ್ನು ಪಾಲಿನಿಂದ ಹೊರಗಿಡಬೇಕು. ಯಾರನ್ನು? ಒಂದೊಂದು ಸಮಾಜ ಒಂದೊಂದು ಉತ್ತರ ಕೊಟ್ಟಿದೆ. ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಎರಡು ಉತ್ತರಗಳು ಅಕ್ಕಪಕ್ಕದ ಮನೆಗಳಲ್ಲೇ ಬಾಳಿದವು ಎಂಬುದು ವಿಶೇಷ.

ಒಂದು ಮಕ್ಕಳಕಟ್ಟು. ಹವ್ಯಕ ಬ್ರಾಹ್ಮಣರಲ್ಲಿ, ಅರೆಭಾಷೆ ಗೌಡರಲ್ಲಿ ಆಸ್ತಿ ತಂದೆಯಿಂದ ಗಂಡು ಮಕ್ಕಳಿಗೆ. ಇನ್ನೊಂದು ಅಳಿಯಕಟ್ಟು, ಪುಸ್ತಕದ ಭಾಷೆಯಲ್ಲಿ ಅಳಿಯಸಂತಾನ. ಬಂಟರಲ್ಲಿ, ಬಿಲ್ಲವರಲ್ಲಿ, ಜೈನರ ಅನೇಕ ಮನೆಗಳಲ್ಲಿ ಆಸ್ತಿ ತಾಯಿಯ ಬಳ್ಳಿಯಲ್ಲಿ ಹರಿಯುತ್ತಿತ್ತು. ಮನೆಯ ಯಜಮಾನ ತೀರಿಕೊಂಡರೆ ಅವನ ಜಾಗಕ್ಕೆ ಬರುವವನು ಮಗನಲ್ಲ. ತಮ್ಮ, ತಮ್ಮನಿಲ್ಲದಿದ್ದರೆ ಅಕ್ಕತಂಗಿಯರ ಮಗ. ಒಂದೇ ತೋಡಿನ ಈಚೆ ದಡದಲ್ಲಿ ಮಗ, ಆಚೆ ದಡದಲ್ಲಿ ಅಳಿಯ. ಇಬ್ಬರ ಗದ್ದೆಗೂ ಅದೇ ನೀರು.

ಗುತ್ತು ಎಂದರೆ ಕೇವಲ ದೊಡ್ಡ ಮನೆ ಅಲ್ಲ. ಊರಿನ ಆಡಳಿತ, ದೈವದ ನೇಮ, ಜಗಳಗಳ ತೀರ್ಮಾನ ಇವುಗಳ ಹೊಣೆ ಹೊತ್ತ ಮನೆ. ಅದರ ಮೇಲೆ ಬಲ್ಲಾಳರು, ಕೆಳಗೆ ಒಕ್ಕಲುಗಳು. ಬ್ರಿಟಿಷರ ಕಾಲದಲ್ಲಿ ಸರ್ಕಾರಕ್ಕೆ ನೇರವಾಗಿ ತೀರ್ವೆ ಕಟ್ಟುವವನು ವರ್ಗದಾರ. ಅವನ ಭೂಮಿಯನ್ನು ಗೇಣಿಗೆ ಮಾಡುವವರಲ್ಲಿ ಎರಡು ಬಗೆ: ಗೇಣಿ ಸಲ್ಲಿಸುವವರೆಗೆ ಎಬ್ಬಿಸಲಾಗದ ಮೂಲಗೇಣಿಯವನು, ಯಾವಾಗ ಬೇಕಾದರೂ ಎಬ್ಬಿಸಬಹುದಾದ ಚಾಲಗೇಣಿಯವನು. ಗುತ್ತಿನ ಚಾವಡಿಯ ಕಂಬಗಳನ್ನು ನೋಡಿ ಮೆಚ್ಚುವಾಗ ಆ ಮರ ಯಾರ ಗೇಣಿ ಅಕ್ಕಿಯಿಂದ ಬಂತು ಎಂಬುದನ್ನೂ ನೆನೆಯಬೇಕು.

ಅಳಿಯಕಟ್ಟಿಗೆ ಒಂದು ಕಥೆ ಉಂಟು. ರಾಜನ ಹಡಗು ನೀರಿಗಿಳಿಯುವ ಮೊದಲು ಕುಂಡೋದರನೆಂಬ ಭೂತ ನರಬಲಿ ಕೇಳಿತಂತೆ. ರಾಣಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ರಾಜನ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಭೂತಾಳ ಪಾಂಡ್ಯನಾಗಿ, ಇನ್ನು ಮುಂದೆ ಆಸ್ತಿ ಅಳಿಯನಿಗೆ ಎಂದು ಕಟ್ಟಳೆ ಮಾಡಿದನಂತೆ. ಅವನ ಹೆಸರಿನ ಕಟ್ಟುಕಟ್ಟಳೆಯೊಂದು 19ನೆಯ ಶತಮಾನದಲ್ಲಿ ಅಚ್ಚಾಗಿ ಕೋರ್ಟುಗಳಲ್ಲೂ ಓಡಾಡಿತು. ಅದು ಅಷ್ಟು ಹಳೆಯದಲ್ಲ ಎಂಬ ಸಂಶಯವನ್ನು ವಿದ್ವಾಂಸರು ಎತ್ತಿದ್ದಾರೆ. ಕಥೆಯನ್ನು ಕಥೆಯಾಗಿಯೇ ಕೇಳೋಣ. ಪದ್ಧತಿ ಹೇಗೆ ನಡೆಯುತ್ತಿತ್ತು ಎಂಬುದು ಕಥೆಗಿಂತ ಸ್ವಾರಸ್ಯವಾಗಿದೆ.

ಕುಟುಂಬ ಎಂದರೆ ಒಬ್ಬ ಮೂಲ ತಾಯಿಯಿಂದ ಹೆಣ್ಣು ಮಕ್ಕಳ ಮೂಲಕ ಇಳಿದು ಬಂದವರೆಲ್ಲ. ಅದರಲ್ಲಿ ಒಬ್ಬೊಬ್ಬ ಹೆಣ್ಣಿನ ಕವಲು ಒಂದೊಂದು ಕವರು. ಹುಟ್ಟಿದ ಮಗುವಿಗೆ ಬರಿ, ಅಂದರೆ ಬಳಿ, ತಾಯಿಯದು. ಜೀವಶಾಸ್ತ್ರ ಓದುವವರಿಗೆ ಇದನ್ನು ಹೀಗೆ ಹೇಳಬಹುದು. ನಮ್ಮ ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಡಿ.ಎನ್.ಎ. ತಾಯಿಯಿಂದ ಗಂಡಿಗೂ ಬರುತ್ತದೆ, ಹೆಣ್ಣಿಗೂ ಬರುತ್ತದೆ. ಆದರೆ ಮುಂದಿನ ತಲೆಮಾರಿಗೆ ದಾಟಿಸುವವಳು ಹೆಣ್ಣು ಮಾತ್ರ. ಬರಿಯ ನಡೆಯೂ ತದ್ವತ್ ಅದೇ. ಪದ್ಧತಿ ಮಾಡಿದವರಿಗೆ ಮೈಟೊಕಾಂಡ್ರಿಯ ಗೊತ್ತಿರಲಿಲ್ಲ, ಸರಿ. ತಾಯಿ ಯಾರೆಂಬುದಕ್ಕೆ ಸಾಕ್ಷಿ ಬೇಡ ಎಂಬುದು ಗೊತ್ತಿತ್ತು.

ಇಲ್ಲಿ ಒಂದು ತೊಡಕನ್ನು ಗಮನಿಸಿ. ಕೇರಳದ ನಾಯರ್ ತರವಾಡುಗಳಲ್ಲಿ ಹೆಣ್ಣು ಹುಟ್ಟಿದ ಮನೆಯಲ್ಲೇ ಉಳಿಯುತ್ತಿದ್ದಳು. ತುಳುನಾಡಿನಲ್ಲಿ ಹಾಗಲ್ಲ, ಮದುವೆಯಾದ ಹೆಣ್ಣು ಸಾಮಾನ್ಯವಾಗಿ ಗಂಡನ ಮನೆಗೆ ಹೋಗುತ್ತಿದ್ದಳು. ಮಗು ಬೆಳೆಯುವುದು ತಂದೆಯ ಮನೆಯಲ್ಲಿ, ಅದರ ಹಕ್ಕು ಇರುವುದು ತಮ್ಮಲೆಯ, ಎಂದರೆ ಸೋದರಮಾವನ ಮನೆಯಲ್ಲಿ. ತಂದೆಯೊಡನೆ ಹಗಲಿಡೀ ಉತ್ತ ಹುಡುಗನಿಗೆ ಆ ಗದ್ದೆಯಲ್ಲಿ ಒಂದು ಹುಣಿಯೂ ತನ್ನದಲ್ಲ. ತಂದೆ ಕಣ್ಣು ಮುಚ್ಚಿದ ಮೇಲೆ ತಾಯಿಮಕ್ಕಳು ಗಂಟು ಕಟ್ಟಿ ತವರಿನ ಕಡೆ ಹೊರಡಬೇಕಾದ ಮನೆಗಳು ಎಷ್ಟೋ. ಮಕ್ಕಳ ಮೇಲೆ ಮಮತೆಯಿದ್ದ ಗಂಡಸು ತನ್ನ ಸ್ವಂತ ದುಡಿಮೆಯ ತುಂಡು ತೋಟವನ್ನು ಬದುಕಿರುವಾಗಲೇ ಹೆಂಡತಿಯ ಹೆಸರಿಗೆ ಬರೆದಿಡುತ್ತಿದ್ದ. ಬರೆಯದೆ ಸತ್ತರೆ ಅದೂ ಅವನ ತಾಯಿಮನೆಯ ಕಡೆಗೇ.

ಅಳಿಯಕಟ್ಟಿನಲ್ಲಿ ಹೆಣ್ಣೇ ಒಡತಿ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅರ್ಧ ನಿಜ. ಆಸ್ತಿಯ ಬೇರು ಹೆಣ್ಣಿನಲ್ಲಿತ್ತು. ತವರಿನ ಬಾಗಿಲು ಅವಳಿಗೆ ಮುಚ್ಚುತ್ತಿರಲಿಲ್ಲ. ವಿಧವೆಯಾದರೂ ಅವಳು ಯಾರ ಹಂಗಿನಲ್ಲೂ ಇರಬೇಕಾಗಿರಲಿಲ್ಲ. ಹಿರಿಯ ಹೆಣ್ಣು ಯಜಮಾನತಿಯಾಗಿ ಮನೆ ನಡೆಸಿದ್ದೂ ಉಂಟು. ಆದರೆ ಹೆಚ್ಚಿನ ಕಡೆ ಬೀಗದ ಕೈ, ಗೇಣಿ ಚೀಟಿ, ಕೋರ್ಟು ಕಚೇರಿ ಎಲ್ಲ ಅಣ್ಣನದೋ ಮಾವನದೋ ಕೈಯಲ್ಲಿ.

ಇನ್ನು ಇಂಗ್ಲೆಂಡಿನ ಕಡೆ ಒಮ್ಮೆ ನೋಡಿ ಬರೋಣ. ನಮ್ಮ ಗುತ್ತಿನವರಂತೆ, ಅಲ್ಲಿ 14, 15ನೆಯ ಶತಮಾನಗಳಲ್ಲಿ ದೊಡ್ಡ ಪ್ರಭುಗಳ ಕೆಳಗೆ, ಸಾಮಾನ್ಯ ರೈತರ ಮೇಲೆ ‘ಜೆಂಟ್ರಿ’ ಎಂಬ ಭೂಮಾಲೀಕ ವರ್ಗವಿತ್ತು. ಅವರ ಉತ್ತರ ಸರಳ: ಎಲ್ಲವೂ ಹಿರಿಯ ಮಗನಿಗೆ. ವಿಧವೆಗೆ ಮೂರನೆಯ ಒಂದು ಪಾಲಿನ ಆದಾಯ, ಅದೂ ಅವಳ ಜೀವಿತಾವಧಿಗೆ ಮಾತ್ರ. ಗಂಡು ಮಗನೇ ಇಲ್ಲದಿದ್ದರೆ ಹೆಣ್ಣು ಮಕ್ಕಳೆಲ್ಲರಿಗೂ ಸಮಪಾಲು. ಕಿರಿಯ ಗಂಡು ಮಕ್ಕಳು ವಕೀಲಿಗೋ ಚರ್ಚಿಗೋ ಯುದ್ಧಕ್ಕೋ ಹೋಗಬೇಕು. ಕೆಂಟ್ ಪ್ರಾಂತದಲ್ಲಿ ಮಾತ್ರ ಗಂಡು ಮಕ್ಕಳಿಗೆಲ್ಲ ಸಮನಾಗಿ ಹಂಚುವ ಬೇರೆಯೇ ಸಂಪ್ರದಾಯವಿತ್ತು.

ನಾರ್ಫೋಕ್ ಪ್ರಾಂತದ ಪಾಸ್ಟನ್ ಮನೆತನದ ಪತ್ರಗಳು ನೂರಾರು ಉಳಿದಿರುವುದರಿಂದ ಆ ಮನೆಗಳ ಒಳಗಿನ ಮಾತು ನಮಗೆ ಕೇಳುತ್ತದೆ. ರೈತನ ಮಗ ವಿಲಿಯಂ ಪಾಸ್ಟನ್ ಓದಿ ನ್ಯಾಯಾಧೀಶನಾದ, ಭೂಮಿ ಕೊಂಡ, 1444ರಲ್ಲಿ ಸತ್ತ. ಕಿರಿಯ ಮಕ್ಕಳಿಗೂ ಸ್ವಲ್ಪ ಭೂಮಿ ಸಿಗಲಿ ಎಂಬುದು ಅವನ ಕೊನೆಗಾಲದ ಆಸೆ; ಹಿರಿಯ ಮಗ ಜಾನ್ ಒಪ್ಪಲಿಲ್ಲ. ತಾಯಿ ಮಗನಿಗೆ ಮನಸ್ತಾಪ ಬಂತು. ಮುಂದೆ ಮಕ್ಕಳಿಲ್ಲದ ಸರ್ ಜಾನ್ ಫಾಸ್ಟಾಲ್ಫ್ 1459ರಲ್ಲಿ ತೀರಿಕೊಂಡಾಗ ಅವನ ಕೇಸ್ಟರ್ ಕೋಟೆ ತನಗೇ ಬಂದಿದೆ ಎಂದು ಜಾನ್ ವಾದಿಸಿದ. 1469ರಲ್ಲಿ ನಾರ್ಫೋಕಿನ ಡ್ಯೂಕ್ ಸೈನ್ಯ ತಂದು ಮುತ್ತಿಗೆ ಹಾಕಿ ಕೋಟೆ ಕಿತ್ತುಕೊಂಡ. ಪಾಸ್ಟನ್ನರಿಗೆ ಅದು ಮರಳಿದ್ದು 1476ರಲ್ಲಿ. ಕಾಗದದಲ್ಲಿ ಹಕ್ಕು ಇದ್ದರೆ ಸಾಲದು, ಅದನ್ನು ಉಳಿಸುವ ಬಲವೂ ಬೇಕಾಗಿದ್ದ ಕಾಲ.

ನಮ್ಮ ಕೋಟಿ ಚೆನ್ನಯರ ಪಾಡ್ದನದಲ್ಲಿಯೂ ಕೇಳಿಬರುವುದು ಇದೇ ದನಿ. ಪಡುಮಲೆಯ ಗದ್ದೆಯ ನೀರಿಗಾಗಿ ಬುದ್ಯಂತನೊಡನೆ ಜಗಳ, ಬಲ್ಲಾಳ ಕೊಟ್ಟ ಮಾತಿಗೆ ತಪ್ಪಿದ್ದು, ಊರು ಬಿಟ್ಟು ಪಂಜದಲ್ಲಿದ್ದ ಅಕ್ಕ ಕಿನ್ನಿದಾರುವಿನ ಮನೆಗೆ ಹೋದದ್ದು, ಕೊನೆಗೆ ಎಣ್ಮೂರಿನಲ್ಲಿ ಮಡಿದದ್ದು. ಪಡುಮಲೆ, ಪಂಜ, ಎಣ್ಮೂರು ಮೂರೂ ಇದೇ ಸೀಮೆಯೊಳಗಿನ ಊರುಗಳು. ವೀರರ ಕಥೆಯೆಂದು ಕೇಳುತ್ತೇವೆ. ಬುಡದಲ್ಲಿರುವುದು ಗದ್ದೆ ಮತ್ತು ನೀರು.

ಇಂಗ್ಲೆಂಡಿನಲ್ಲಿ ಬೆಲೆ ತೆತ್ತವನು ಕಿರಿಯ ಮಗ. ಅಳಿಯಕಟ್ಟಿನಲ್ಲಿ ತೆತ್ತವರು ಗಂಡಸಿನ ಹೆಂಡತಿಮಕ್ಕಳು. ಅವರ ಜೊತೆಗೆ ಕುಟುಂಬದ ಕಿರಿಯರೆಲ್ಲ. ಏಕೆಂದರೆ ಪಾಲು ಕೇಳುವಂತೆಯೇ ಇರಲಿಲ್ಲ. 1863ರಲ್ಲಿ ಮದರಾಸು ಹೈಕೋರ್ಟು ಒಂದು ಮೊಕದ್ದಮೆಯಲ್ಲಿ, ಅಳಿಯಸಂತಾನ ಕುಟುಂಬದಲ್ಲಿ ಒಬ್ಬರ ಬೇಡಿಕೆಯ ಮೇಲೆ ಆಸ್ತಿ ಭಾಗ ಮಾಡಿಸಲಾಗದು ಎಂದು ತೀರ್ಪು ಕೊಟ್ಟಿತು. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. ಎಲ್ಲರೂ ಒಪ್ಪುವ ಕುಟುಂಬಕ್ಕೆ ಪಾಲೇ ಬೇಡವಲ್ಲ! ಭೂಮಿ ಚೂರಾಗಲಿಲ್ಲ, ನಿಜ. ನೂರು ಜನರ ಹೆಸರಿನ ಆಸ್ತಿಯನ್ನು ಒಬ್ಬನೇ ನೋಡಿಕೊಂಡ. ಉಳಿದವರಿಗೆ ಊಟ, ಬಟ್ಟೆ.

ಇದು ಬದಲಾದದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ. ಒಂದು ಕವರು ತನ್ನ ಪಾಲು ಕೇಳಬಹುದು ಎಂದಾಯಿತು. ಆದರೆ ಅದರಲ್ಲೊಂದು ವಿಚಿತ್ರ ಗೆರೆ ಎಳೆದರು. 50 ವರ್ಷ ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು ಸಂತತಿ ಕವರು. ಇಲ್ಲದ್ದು ನಿಸ್ಸಂತತಿ ಕವರು. ಬಳ್ಳಿ ಇನ್ನು ಚಿಗುರುವಂತಿಲ್ಲ ಎಂಬ ಲೆಕ್ಕ. ಬೇರೆ ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ಸಿಗುವ ಪಾಲು ಜೀವಿತಾವಧಿಗೆ ಮಾತ್ರ. ಅಂದರೆ ಅಕ್ಕತಂಗಿಯರಿಲ್ಲದ ಗಂಡಸು, ಅವನಿಗೆ ಆರು ಮಕ್ಕಳಿದ್ದರೂ, ಕಾಯಿದೆಯ ಕಣ್ಣಿನಲ್ಲಿ ಸಂತತಿಯಿಲ್ಲದವನು.

ಏಳು ವರ್ಷಗಳ ಬಳಿಕ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಅವಿಭಕ್ತ ಅಳಿಯಸಂತಾನ ಕುಟುಂಬದ ಸದಸ್ಯ ತೀರಿಕೊಂಡರೆ ಅವನ ಅಂಶ ಕುಟುಂಬಕ್ಕೆ ಮರಳದೆ ಈ ಕಾಯಿದೆಯ ಪ್ರಕಾರ ಇಳಿಯುತ್ತದೆ ಎಂದಿತು. ಗಂಡಸಿನದಾದರೆ ಅವನ ಹೆಂಡತಿ, ಗಂಡು ಹೆಣ್ಣು ಮಕ್ಕಳು, ತಾಯಿ ಇವರಿಗೆ. ತಂದೆಯ ಗದ್ದೆಯಲ್ಲಿ ಉತ್ತ ಹುಡುಗನಿಗೆ ಕೊನೆಗೂ ಹಕ್ಕು ಬಂತು.

ಇಲ್ಲಿಯವರೆಗೆ ಹೇಳಿದ್ದು ಭೂಮಿಯುಳ್ಳವರ ಮಾತು. ಭೂಮಿಯೇ ಇಲ್ಲದವರಿಗೆ ಮಕ್ಕಳಕಟ್ಟಾದರೇನು, ಅಳಿಯಕಟ್ಟಾದರೇನು? ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರ 1933ರ ‘ಚೋಮನ ದುಡಿ’ಯ ಚೋಮನಿಗೆ ಎತ್ತುಗಳಿದ್ದವು, ಉಳಲು ತುಂಡು ಗದ್ದೆ ಇರಲಿಲ್ಲ. ದೇವರಾಜ ಅರಸರ ಸರ್ಕಾರ ತಿದ್ದಿದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, 7ನೆಯ ನಮೂನೆಯ ಅರ್ಜಿ ಕೊಟ್ಟ ಒಕ್ಕಲಿಗೆ ಭೂನ್ಯಾಯಮಂಡಳಿಯ ಮೂಲಕ ದೊರೆಯಿತು. ಗೇಣಿ ಬೇಸಾಯ ಹೆಚ್ಚಾಗಿದ್ದ ದಕ್ಷಿಣ ಕನ್ನಡದಲ್ಲಿ ಇದರ ಪರಿಣಾಮ ಬಹಳ ಆಳ. ನೂರಾರು ಮುಡಿ ಗೇಣಿ ಬರುತ್ತಿದ್ದ ಮನೆಗಳು ಚಾವಡಿಯಷ್ಟಕ್ಕೆ ಇಳಿದವು. ಹಳ್ಳಿಯ ಬಡವನ ಬೆನ್ನು ನೆಟ್ಟಗಾಯಿತು. ಸೈನಿಕರಿಗೆ, ನಾವಿಕರಿಗೆ ಇದ್ದ ವಿನಾಯಿತಿ ವಿಧವೆಯರಿಗೆ ಇರಲಿಲ್ಲ. ಒಂದೆರಡು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ಹೆಂಗಸರೂ ಅದನ್ನು ಕಳೆದುಕೊಂಡರು. ಕಾಯಿದೆ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಆದರೂ ಆ ಹೆಂಗಸರ ಲೆಕ್ಕ ಯಾರೂ ಇಡಲಿಲ್ಲ ಎನ್ನಿಸುತ್ತದೆ.

ಒಕ್ಕಲು ಒಡೆಯನಾದ ಮೇಲೆ ಮೊದಲು ಹೇಳಿದ ಭಾಗಾಕಾರ ಅವನ ಮನೆಯಲ್ಲೂ ಶುರುವಾಯಿತು. ತೀರ್ಪಿನಲ್ಲಿ ಅಣ್ಣನ ಹೆಸರು; ಉತ್ತವರು ತಮ್ಮಂದಿರೂ ಹೌದು. ಜೊತೆಗೆ ಅಡಿಕೆ ತೋಟವನ್ನು ಹಂಚುವುದು ಗದ್ದೆ ಹಂಚಿದಂತಲ್ಲ. ಕೆರೆ ಒಂದೇ, ಪಂಪು ಒಂದೇ, ದಾರಿ ಒಂದೇ. ಸೊಪ್ಪು ತರುವ ಕುಮ್ಕಿ ಜಾಗ ಅನುಭೋಗದ ಸೌಲಭ್ಯ ಮಾತ್ರ, ಸ್ವಂತದ್ದಲ್ಲ. ಸುಳ್ಯದ ಕಡೆ ಹಳದಿ ಎಲೆ ರೋಗ ತಗಲಿದ ತೋಟದಲ್ಲಿ ಎಕರೆ ಸಮನಾದರೂ ಫಸಲು ಸಮನಲ್ಲ.

ಹೆಣ್ಣು ಮಕ್ಕಳ ಪಾಲು? 2005ರ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಕಾದಿರುವ ಅಕ್ಕತಂಗಿಯರನ್ನು ನೀವು ನೋಡಬಹುದು. ತವರಿನ ಪ್ರೀತಿ ಉಳಿಯಲಿ ಎಂದು ಅವರು ಸಹಿ ಹಾಕುತ್ತಾರೆ. ಅಳಿಯಕಟ್ಟಿನ ಮನೆಯಿಂದ ಬಂದವರೂ ಅವರಲ್ಲಿರುತ್ತಾರೆ. ಅವರ ಅಜ್ಜಿಯ ಕಾಲದಲ್ಲಿ ತವರು ಉಳಿಯುತ್ತಿದ್ದುದೇ ಹೆಣ್ಣಿನ ಹಕ್ಕಿನಿಂದ.

ಬರಿ ಇಂದಿಗೂ ತಾಯಿಯದೇ. ಅನೇಕ ಗುತ್ತುಗಳಲ್ಲಿ ದೈವದ ಗಡಿ ಹಿಡಿಯುವವನು ಇಂದಿಗೂ ಅಕ್ಕತಂಗಿಯರ ಮಗ. ನಿಮ್ಮ ಮನೆಯ ಪಹಣಿ ಪತ್ರಿಕೆಯನ್ನು ಒಮ್ಮೆ ತೆಗೆದು ನೋಡಿ. ಹೆಸರು ಯಾರದು, ಭೂಮಿ ಬಂದದ್ದು ವಾರಸಿನಿಂದಲೋ, ಪಾಲಿನಿಂದಲೋ, ಭೂನ್ಯಾಯಮಂಡಳಿಯಿಂದಲೋ ಎಂಬುದು ಅದರಲ್ಲಿ ಬರೆದಿರುತ್ತದೆ. ಆಮೇಲೆ ಅಜ್ಜಿಯ ಬಳಿ ಕುಳಿತು, ಆ ಕಾಗದದಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಕೇಳಿ.