ಗಾಣ ತಿರುಗಿಸೋರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತ ಗಾದೆ ಇದೆ. ಕೇಳಿದವರು ನಗ್ತಾರೆ. ನಾವು ನಗೋ ಹಾಗಿಲ್ಲ. ಯಾಕಂದರೆ ನಮ್ಮ ಜನರನ್ನು ಕಟ್ಟಿಹಾಕಿರುವುದು ಇಂಥದೇ ಒಂದು ಗಾಣ. ಕಾಸಿಲ್ಲ, ಅದಕ್ಕೇ ಓದಿಲ್ಲ. ಓದಿಲ್ಲ, ಅದಕ್ಕೇ ಕೆಲಸ ಇಲ್ಲ. ಕೆಲಸ ಇಲ್ಲ, ಅದಕ್ಕೇ ಕಾಸಿಲ್ಲ. ಎತ್ತು ದಿನವೆಲ್ಲ ನಡೆದರೂ ಇದ್ದಲ್ಲೇ ಇರುತ್ತದೆ. ಎಣ್ಣೆ ಮಾತ್ರ ಒಡೆಯನ ಮನೆ ಸೇರುತ್ತದೆ. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿದವರು ಯಾರು ಅಂತ ಇವತ್ತು ಕೇಳೋಣ.

ಒಂದು ಕಾನೂನಿನ ಕಥೆ ನೋಡಿ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮೊದಲು ಉತ್ತರ ಭಾರತಕ್ಕೆ, 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ನಮ್ಮ ಕೊರಚ, ಕೊರವ ಬಂಧುಗಳು ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿ ಬದುಕುತ್ತಿದ್ದವರು. ಸರ್ಕಾರದ ಉಪ್ಪಿನ ನೀತಿ ಬಂತು, ರೈಲು ಬಂತು, ಅವರ ವ್ಯಾಪಾರ ಹೋಯಿತು. ಕಸುಬು ಕಸಿದ ಕೈಯೇ ಆಮೇಲೆ ಕಸುಬಿಲ್ಲದ ಇವರು ಕಳ್ಳರೇ ಇರಬೇಕು ಅಂತ ಬರೆಯಿತು. ಹೆಸರು ರಿಜಿಸ್ಟರಿಗೆ ಹೋಯಿತು. ಪೊಲೀಸರ ಮುಂದೆ ಹಾಜರಿ. ಪಾಸಿಲ್ಲದೆ ಊರು ಬಿಡೋ ಹಾಗಿಲ್ಲ. ಊರು ಬಿಡದೆ ವ್ಯಾಪಾರ ಹೇಗೆ? ಪೊಲೀಸರ ಪಟ್ಟಿಯಲ್ಲಿ ಇದ್ದವನಿಗೆ ಕೂಲಿ ಕೊಡೋರು ಯಾರು? ಹೊಟ್ಟೆಪಾಡಿಗೆ ಪಾಸಿಲ್ಲದೆ ಹೊರಟರೆ ಅದೇ ಅಪರಾಧ. ಆ ಅಪರಾಧವೇ ಇವರು ಅಪರಾಧಿಗಳು ಅನ್ನೋದಕ್ಕೆ ಪುರಾವೆ!

1871ರ ಆ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇತ್ತು. ಒಂದು ಜನಾಂಗವನ್ನು ಅಪರಾಧಿ ಅಂತ ಸಾರಿದ ಪ್ರಕಟಣೆಯನ್ನು ಯಾವ ಕೋರ್ಟೂ ಪ್ರಶ್ನೆ ಮಾಡೋ ಹಾಗಿರಲಿಲ್ಲ. ಪ್ರಕಟಣೆ ಹೊರಟಿತಲ್ಲ, ಅದು ಕಾನೂನಿನ ಪ್ರಕಾರವೇ ಹೊರಟಿದೆ ಅನ್ನೋದಕ್ಕೆ ಆ ಪ್ರಕಟಣೆಯೇ ಸಾಕ್ಷಿ. ಹುಬ್ಬಳ್ಳಿಯಲ್ಲಿ ಇಂಥವರನ್ನು ತಂದು ಕೂಡಿಟ್ಟ ಜಾಗಕ್ಕೆ ಸೆಟ್ಲ್‌ಮೆಂಟ್ ಅನ್ನೋ ಹೆಸರು ಇನ್ನೂ ಉಳಿದಿದೆ. 1952ರ ಆಗಸ್ಟ್ 31ರಂದು ಕಾಯ್ದೆ ಹೋಯಿತು. ಆದರೆ ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಹಲವು ರಾಜ್ಯಗಳಲ್ಲಿ ಬಂದವು. ಗಾಣದ ಬಣ್ಣ ಬದಲಾಯಿತು, ಅಷ್ಟೆ.

ಇದೆಲ್ಲ ಹಳೇ ಕಾಲದ್ದು ಅನ್ನಬೇಡಿ. ಜೈಲುಗಳಲ್ಲಿ ಕಸ ಗುಡಿಸೋ, ಕಕ್ಕಸು ತೊಳೆಯೋ ಕೆಲಸ ಅದರ ಅಭ್ಯಾಸ ಇರುವ ಜಾತಿಯವರಿಗೆ ಅಂತ ಕೆಲವು ರಾಜ್ಯಗಳ ಕೈಪಿಡಿಗಳಲ್ಲಿ ಬರೆದಿತ್ತು. ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಯಾಕೆ ಇವರಿಗೇ ಆ ಕೆಲಸ? ಅಭ್ಯಾಸ ಇದೆ. ಅಭ್ಯಾಸ ಯಾಕಾಯಿತು? ಇವರಿಗೇ ಕೊಟ್ಟದ್ದರಿಂದ. ನೋಡಿ, ತಿರುಗಿ ಅಲ್ಲಿಗೇ ಬಂತು.

ಹಾಗಾದರೆ ಇದನ್ನು ಮುರಿಯೋದು ಹೇಗೆ? ಬಾಬಾಸಾಹೇಬರು ತೋರಿಸಿದ್ದಾರೆ. ಮಹಾಡದ ಪುರಸಭೆ 1924ರಲ್ಲೇ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಿ ನೀರು ಕುಡಿದರು. ನಮ್ಮವರಿಗೆ ಏಟು ಬಿತ್ತು. ಡಿಸೆಂಬರಿನಲ್ಲಿ ಸವರ್ಣೀಯರು ಕೋರ್ಟಿಗೆ ಹೋದರು. ಅವರ ವಾದ ಏನು? ಅಸ್ಪೃಶ್ಯರು ಈ ನೀರನ್ನು ಎಂದೂ ಮುಟ್ಟಿಲ್ಲ, ಅದು ಅನಾದಿಯಿಂದ ಬಂದ ರೂಢಿ, ಆದ್ದರಿಂದ ಮುಟ್ಟೋ ಹಕ್ಕಿಲ್ಲ. ಮುಟ್ಟಲು ಬಿಡದವರೇ ಬಂದು ಇವರು ಮುಟ್ಟಿಲ್ಲ ಅಂತ ಸಾಕ್ಷಿ ಹೇಳೋದು! ಅನಾದಿ ರೂಢಿ ಅಂದಿರಲ್ಲ, ಸಾಬೀತು ಮಾಡಿ ಅಂದಾಗ ಅವರ ಕೈಲಿ ಆಗಲಿಲ್ಲ. 1937ರಲ್ಲಿ ಬಾಂಬೆ ಹೈಕೋರ್ಟು ಅವರ ಅಪೀಲನ್ನು ತಳ್ಳಿಹಾಕಿತು. ಕೋರ್ಟು ಬಾಯಿ ಬಿಡೋಕೆ 10 ವರ್ಷ ಮೊದಲೇ ಒಂದು ಬೊಗಸೆ ನೀರು ಆ ಗಾಣಕ್ಕೆ ಅಡ್ಡ ಬಿದ್ದಿತ್ತು.

ಈಗ ನಮ್ಮ ಹಾಸ್ಟೆಲಿಗೆ ಬರೋಣ. ಕ್ಲಾಸಿನಲ್ಲಿ ನಾವು ಬಾಯಿ ಬಿಡಲ್ಲ, ಇಂಗ್ಲಿಷ್ ತಪ್ಪಿದರೆ ನಗ್ತಾರೆ ಅಂತ. ಬಾಯಿ ಬಿಡದ್ದಕ್ಕೆ ಮೇಷ್ಟ್ರು ಇವನಿಗೇನೂ ಗೊತ್ತಿಲ್ಲ ಅಂದ್ಕೋತಾರೆ, ನಮ್ಮ ಕಡೆ ನೋಡೋದೂ ಬಿಡ್ತಾರೆ. ಅವರು ನೋಡದ್ದಕ್ಕೆ ನಾವು ಇನ್ನೂ ಹಿಂದಿನ ಬೆಂಚಿಗೆ ಸರೀತೀವಿ. ವರ್ಷದ ಕೊನೆಗೆ ಫೇಲಾದರೆ 'ಇವರಿಗೆ ಮೆರಿಟ್ ಇಲ್ಲ' ಅನ್ನೋ ತೀರ್ಪು ಸಿದ್ಧವಾಗಿರುತ್ತೆ. ನಮ್ಮಲ್ಲೇ ಒಬ್ಬ ಅದನ್ನು ನಂಬಿ ಟ್ರಂಕು ಎತ್ತಿಕೊಂಡು ಊರಿಗೆ ಹೋಗ್ತಾನೆ. ನಮ್ಮ ಕಣ್ಣಬಟ್ಟೆಯನ್ನು ನಾವೇ ಬಿಗಿದುಕೊಳ್ಳೋದು ಆವಾಗ.

ಯಾರಾದರೂ ಮೆರಿಟ್ ಅಂದರೆ ತಲೆ ತಗ್ಗಿಸಬೇಡಿ. ಮೂರು ಪ್ರಶ್ನೆ ಕೇಳಿ. ಇದನ್ನು ಮೊದಲು ಶುರು ಮಾಡಿದ್ದು ಯಾರು? ನೀವು ತೋರಿಸೋ ಪುರಾವೆ ಹುಟ್ಟಿದ್ದು ಎಲ್ಲಿ? ಇದರ ಎಣ್ಣೆ ಯಾರ ಮನೆಗೆ ಹೋಗ್ತಿದೆ?

ಕೇಳಿ ಸುಮ್ಮನೆ ಕೂರೋದೂ ಬೇಡ. ಗಾಣವನ್ನು ಎಲ್ಲ ಕಡೆಯಿಂದ ಒಂದೇ ಸಲ ಮುರಿಯೋಕಾಗಲ್ಲ. ಒಂದು ಕಡೆ ಹಗ್ಗ ಕಡಿದರೆ ಎತ್ತು ನಿಲ್ಲುತ್ತೆ. ಈ ವಾರದಿಂದ ದಿನಾ ಸಂಜೆ ಇದೇ ಹಾಲಿನಲ್ಲಿ ಒಬ್ಬೊಬ್ಬರಾಗಿ ಎದ್ದುನಿಂತು ಮಾತಾಡೋಣ. ತಪ್ಪಿದರೆ ತಪ್ಪಲಿ, ಇಲ್ಲಿ ನಗೋರಿಲ್ಲ. ಬಿ.ಎ. ಓದುವವರು ಪಿಯುಸಿಯವರಿಗೆ ಹೇಳಿಕೊಡಲಿ. ನಮಗೆ ಹೇಳದೆ ಒಬ್ಬನೂ ಟ್ರಂಕು ಎತ್ತಬಾರದು.

ಜೈಭೀಮ್.