ಬೆಥನಿಯ ಅಡಿಗೆಮನೆ

ಬೆಥನಿ ಎಂಬುದು ಯೆರೂಸಲೇಮಿಗೆ ಸಮೀಪದ ಒಂದು ಹಳ್ಳಿಯ ಹೆಸರು. ನೆಲ್ಯಾಡಿ, ನೂಜಿಬಾಳ್ತಿಲದ ಕಡೆಯವರಿಗೆ ಅದು ಮಕ್ಕಳನ್ನು ಕಳಿಸುವ ಶಾಲೆಯ ಹೆಸರಾಗಿ ಪರಿಚಿತ. ಶಾಲೆಯ ಹೆಸರಿಗೂ ಆ ದೂರದ ಹಳ್ಳಿಗೂ ಏನು ಸಂಬಂಧವೆಂದು ಕೇಳಿದರೆ ಉತ್ತರ ಬೈಬಲಿನಲ್ಲಿದೆ. ಬೆಥನಿಯಲ್ಲಿ ಮಾರ್ಥ, ಮರಿಯ ಎಂಬ ಅಕ್ಕತಂಗಿಯರಿದ್ದರು. ಯೇಸು ಅವರ ಮನೆಗೆ ಬಂದಾಗ ಮರಿಯ ಆತನ ಪಾದದ ಬಳಿ ಕುಳಿತು ಮಾತು ಕೇಳತೊಡಗಿದಳು. ಮಾರ್ಥ ಒಬ್ಬಳೇ ಅಡಿಗೆಯ ಗಡಿಬಿಡಿಯಲ್ಲಿ ಬಸವಳಿದು, ತಂಗಿಯನ್ನು ನನ್ನ ಸಹಾಯಕ್ಕೆ ಕಳಿಸಬಾರದೇ ಎಂದು ದೂರಿದಳು. ಯೇಸು ಮರಿಯಳ ಪರವಾಗಿಯೇ ಮಾತನಾಡಿದನೆಂಬುದು ಪ್ರಸಿದ್ಧ. ಆದರೆ ಆ ದಿನದ ಊಟವನ್ನು ಯಾರು ಬೇಯಿಸಿದರು, ಪಾತ್ರೆಯನ್ನು ಯಾರು ತಿಕ್ಕಿದರು ಎಂಬುದನ್ನು ಶಾಸ್ತ್ರ ಹೇಳುವುದಿಲ್ಲ. ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಪಾತ್ರೆಗಳ ವಿಷಯವಾಗಿ.

ಈ ಹೆಸರನ್ನು ಆಶ್ರಮಕ್ಕೆ ಇಟ್ಟವರು ಕೇರಳದ ಮಾರ್ ಇವಾನಿಯೋಸ್. ಕಲ್ಕತ್ತೆಯ ಬಳಿಯ ಸೆರಾಂಪುರದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಆ ಕೆಲಸವನ್ನು ಬಿಟ್ಟು 1919ರಲ್ಲಿ ಪೆರುನಾಡಿನ ಗುಡ್ಡದ ಮೇಲೆ ಬೆಥನಿ ಆಶ್ರಮವನ್ನು ಕಟ್ಟಿದರು. ಕಾವಿಯ ಉಡುಪು, ಸರಳವಾದ ಆಹಾರ, ಮೌನ, ಮೈಬಗ್ಗಿಸಿ ದುಡಿಮೆ: ಹೊರಗಿನ ರೂಪವೆಲ್ಲ ನಮ್ಮ ದೇಶದ ಸಂನ್ಯಾಸಿಗಳದೇ. ಮರಿಯಳ ಧ್ಯಾನವೂ ಮಾರ್ಥಳ ದುಡಿಮೆಯೂ ಒಂದೇ ಸೂರಿನಡಿಯಲ್ಲಿ ಇರಬೇಕೆಂಬುದು ಆ ಹೆಸರಿನ ಆಶಯ. 1930ರಲ್ಲಿ ಅವರು ತಮ್ಮ ಸಂಗಡಿಗರೊಡನೆ ರೋಮಿನ ಕಥೋಲಿಕ ಸಭೆಯನ್ನು ಸೇರಿದರು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ತಿರುವಾಂಕೂರಿನ ಕಡೆಯ ಕ್ರೈಸ್ತ ಕೃಷಿಕರು ನಮ್ಮ ಕಾಡಂಚಿಗೆ ಬಂದು ರಬ್ಬರು, ಕರಿಮೆಣಸು ಬೆಳೆಯಲಾರಂಭಿಸಿದರು. ಅವರ ಹಿಂದೆಯೇ ಗುರುಗಳೂ ಬಂದರು, ಆಶ್ರಮದ ಹೆಸರೂ ಬಂತು. 2010ರಲ್ಲಿ ಪುತ್ತೂರು ಸಿರೋ ಮಲಂಕರ ಸಭೆಯ ಒಂದು ಧರ್ಮಪ್ರಾಂತವಾಯಿತು.

ಧ್ಯಾನಕೂಟವೆಂದರೆ ಈ ಸೀಮೆಯ ಕ್ರೈಸ್ತರಿಗೆ ಹೊಸದೇನಲ್ಲ. ಮಲಯಾಳ ಮಾತನಾಡುವವರು ಅದನ್ನು ಧ್ಯಾನವೆನ್ನುತ್ತಾರೆ, ಕೊಂಕಣಿಯವರು ರೆತಿರ್ ಎನ್ನುತ್ತಾರೆ. ಮನೆಮಾರು ಬಿಟ್ಟು ಕೆಲವು ದಿನ ಒಂದೆಡೆ ತಂಗಿ, ಉಪದೇಶ ಕೇಳಿ, ಮೌನದಲ್ಲಿದ್ದು, ಪಾಪನಿವೇದನೆ ಮಾಡಿ ಮರಳುವುದು ಅದರ ಕ್ರಮ. ಕೇರಳದ ಮುರಿಂಗೂರಿನಲ್ಲಿರುವ ಡಿವೈನ್ ಧ್ಯಾನಕೇಂದ್ರಕ್ಕೆ ಎಷ್ಟು ಜನ ಹೋಗುತ್ತಾರೆಂದರೆ ಅಲ್ಲಿನ ರೈಲು ನಿಲ್ದಾಣಕ್ಕೇ ಡಿವೈನ್ ನಗರ್ ಎಂಬ ಹೆಸರು ಬಂದಿದೆ. ಕನ್ನಡದಲ್ಲಿಯೂ ಅಲ್ಲಿ ಧ್ಯಾನ ನಡೆಯುವುದುಂಟು.

ಇಷ್ಟು ಜನ ಕಣ್ಣು ಮುಚ್ಚಿ ಕುಳಿತಿರುವಾಗ ಕಣ್ಣು ತೆರೆದು ಅಕ್ಕಿಯ ಕಲ್ಲು ಆರಿಸುವವರು ಬೇಕಷ್ಟೆ. ಚಾಪೆ ಹಾಸಬೇಕು, ಕಾಯಿ ಹೆರೆಯಬೇಕು, ಕುಚ್ಚಲಕ್ಕಿಯ ಗಂಜಿ ಬೇಯುವ ಹಂಡೆಯ ಮುಂದೆ ಬೆವರಬೇಕು, ಮುದುಕರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯಬೇಕು. ಈ ಕೆಲಸಕ್ಕೆಂದು ಸ್ವಯಂಸೇವಕರಾಗಿ ಬಂದು ಆಶ್ರಮದಲ್ಲಿಯೇ ಉಳಿಯುವವರು ಇದ್ದಾರೆ: ಕಾಲೇಜಿನ ರಜೆಯಲ್ಲಿರುವ ಹುಡುಗರು, ಮಕ್ಕಳನ್ನು ದಡ ಹತ್ತಿಸಿದ ತಾಯಂದಿರು, ನಿವೃತ್ತರಾದ ಮಾಸ್ತರರು. ಒಂದು ವಾರ ಬರುವವರೂ ಉಂಟು, ಒಂದು ವರ್ಷ ಇರುವವರೂ ಉಂಟು. ನಿಮ್ಮಲ್ಲಿ ಯಾರಿಗಾದರೂ ಅಂತಹ ಮನಸ್ಸಿದ್ದರೆ, ಹೋಗುವ ಮುನ್ನ ಒಂದು ಮಾತನ್ನು ವಿಚಾರಿಸಿಕೊಳ್ಳಿ. ಅಲ್ಲಿ ಮಾರ್ಥಳ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆಯೇ, ಅಥವಾ ಕೆಲವರು ಎಂದೆಂದಿಗೂ ಮಾರ್ಥಳಾಗಿ ಉಳಿದು, ಉಳಿದವರು ಎಂದೆಂದಿಗೂ ಮರಿಯಳಾಗಿ ಕುಳಿತಿರುತ್ತಾರೆಯೇ?

ಈ ಪ್ರಶ್ನೆ ಬಹಳ ಹಳೆಯದು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ಬರೆದ ನಿಯಮಾವಳಿಯಲ್ಲಿ ಅಡಿಗೆಮನೆಗೇ ಒಂದು ಅಧ್ಯಾಯವಿದೆ. ಸಹೋದರರು ವಾರವಾರವೂ ಸರದಿಯಲ್ಲಿ ಒಬ್ಬರಿಗೊಬ್ಬರು ಬಡಿಸಬೇಕು. ರೋಗಿಗಳಿಗೂ ಮುಖ್ಯವಾದ ಬೇರೆ ಹೊಣೆಯಿರುವವರಿಗೂ ಹೊರತು ವಿನಾಯಿತಿಯಿಲ್ಲ. ವಾರ ಮುಗಿದಾಗ ಹಳಬನೂ ಹೊಸಬನೂ ಸೇರಿ ಎಲ್ಲರ ಪಾದ ತೊಳೆಯಬೇಕು, ಪಾತ್ರೆಪರಡಿಗಳನ್ನು ಶುಚಿಯಾಗಿ ಲೆಕ್ಕ ಒಪ್ಪಿಸಬೇಕು. ಬಡಿಸುವವರಿಗೆ ಊಟದ ಹೊತ್ತಿಗೆ ಮೊದಲೇ ಸ್ವಲ್ಪ ರೊಟ್ಟಿ, ಪಾನೀಯ ಕೊಡಬೇಕೆಂದೂ ಅವರು ಬರೆದಿದ್ದಾರೆ; ಹಸಿದವನು ಗೊಣಗುಟ್ಟದೆ ಬಡಿಸಲಾರನೆಂಬುದು ಆ ಸಂತರಿಗೆ ಗೊತ್ತಿತ್ತು. ನಮ್ಮ ಮದುವೆಮನೆಗಳ ಯಜಮಾನರೂ ಇದನ್ನು ಓದಿದ್ದರೆ ಚೆನ್ನಾಗಿತ್ತು. ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿ ಇದೇ ಬೆನೆಡಿಕ್ಟರ ಪಂಥದ ಮಠವೊಂದಿದೆ. 1955ರಲ್ಲಿ ಭಾರತಕ್ಕೆ ಬಂದ ಬೀಡ್ ಗ್ರಿಫಿತ್ಸ್ ಎಂಬ ಇಂಗ್ಲಿಷ್ ಸಂನ್ಯಾಸಿ ಮೊದಲು ಕೆಲಕಾಲ ಇದ್ದುದು ಕೆಂಗೇರಿಯಲ್ಲಿಯೇ. ಅನಂತರ, 1958ರಲ್ಲಿ, ಅವರು ಫ್ರಾನ್ಸಿಸ್ ಆಚಾರ್ಯರೊಡನೆ ಕೇರಳದ ವಾಗಮಣ್ಣಿನ ಬೆಟ್ಟದಲ್ಲಿ ಕುರಿಸುಮಲ ಆಶ್ರಮವನ್ನು ಆರಂಭಿಸಿದರು. ಅಲ್ಲಿ ಪ್ರಾರ್ಥನೆಗೆ ಎಷ್ಟು ಹೊತ್ತು ಮೀಸಲೋ, ಹಸುಗಳ ಕೊಟ್ಟಿಗೆಗೂ ಅಷ್ಟೇ ಗೌರವ.

ಆದರೆ ನಮ್ಮ ದೇಶದಲ್ಲಿ ಅಡಿಗೆಮನೆಗಿಂತ ಕಠಿನವಾದ ಪರೀಕ್ಷೆ ಇನ್ನೊಂದುಂಟು. ಅಮೆರಿಕದ ಸ್ಟ್ಯಾನ್ಲಿ ಜೋನ್ಸ್ ಸಾಬರಮತಿಯಲ್ಲಿ ಗಾಂಧೀಜಿಯ ಆಶ್ರಮವನ್ನು ಕಂಡಿದ್ದವರು. 1930ರಲ್ಲಿ ಅವರು ಕುಮಾಊಂ ಬೆಟ್ಟಗಳ ಸಾತ್‌ತಾಲ್ ಎಂಬಲ್ಲಿ ಕ್ರೈಸ್ತ ಆಶ್ರಮವನ್ನು ಆರಂಭಿಸಿದರು. ವಾರಕ್ಕೊಂದು ದಿನ ಆಳುಗಳಿಗೆಲ್ಲ ರಜೆ. ಅಂದಿನ ಕೆಲಸವೆಲ್ಲ ಆಶ್ರಮವಾಸಿಗಳದೇ, ಪಾಯಿಖಾನೆಯನ್ನು ಶುಚಿಮಾಡುವ ಕೆಲಸವೂ ಸೇರಿ. ಬ್ರಾಹ್ಮಣಕುಲದಿಂದ ಬಂದ ಕ್ರೈಸ್ತರೊಬ್ಬರು ಈ ಕೆಲಸಕ್ಕೆ ಮುಂದೆ ಬರಲೇ ಇಲ್ಲವಂತೆ. ನಿಮ್ಮ ಸರದಿ ಎಂದಿಗೆ ಎಂದು ಜೋನ್ಸ್ ಕೇಳಿದಾಗ, ತಾವು ಮನಸ್ಸು ತಿರುಗಿಸಿದ್ದು ನಿಜ, ಆದರೆ ಅಷ್ಟು ದೂರ ತಿರುಗಿಸಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರೆಂದು ಜೋನ್ಸರೇ ಹೇಳಿಕೊಂಡಿದ್ದಾರೆ. ಆ ಮನುಷ್ಯನ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ನಮ್ಮಲ್ಲಿ ಬಹುಮಂದಿ ಅದನ್ನೇ ಮಾಡುತ್ತೇವೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ನಮ್ಮ ಕಡೆಯಲ್ಲಿ ಸೇವೆಯ ಪದ್ಧತಿ ಇಲ್ಲವೆಂದಲ್ಲ. ಪುತ್ತೂರು, ಸುಳ್ಯದ ಯಾವ ದೇವಸ್ಥಾನದಲ್ಲಿ ಬ್ರಹ್ಮಕಲಶವಾದರೂ ಊರಿಗೆ ಊರೇ ಕರಸೇವೆಗೆ ಬರುತ್ತದೆ. ಹೊರೆಕಾಣಿಕೆಯ ತೆಂಗು, ಬಾಳೆಗೊನೆ, ತರಕಾರಿ ಅಂಗಳ ತುಂಬುತ್ತದೆ. ಇಗರ್ಜಿಯ ವಾರ್ಷಿಕ ಹಬ್ಬದಲ್ಲಿಯೂ ಹಾಗೆಯೇ. ಆದರೆ ಹಬ್ಬ ಒಂದು ದಿನದ್ದು, ಹತ್ತು ದಿನದ್ದು. ಆಶ್ರಮವಾಸ ಹಾಗಲ್ಲ. ಮೊದಲ ದಿನದ ಹುಮ್ಮಸ್ಸು ಮೂರನೆಯ ದಿನಕ್ಕೆ ಇಳಿಯುತ್ತದೆ, ಆರನೆಯ ದಿನ ಅದೇ ಕಡಾಯಿ, ಅದೇ ಸೀದ ತಳ. ಆಗ ನೋಡಬೇಕು, ಹಿಡಿಸೂಡಿ ಯಾರ ಕೈಗೆ ಹೋಗಿ ನಿಲ್ಲುತ್ತದೆಂದು. ಸಾಮಾನ್ಯವಾಗಿ ಅದು ಹೆಂಗಸರ ಕೈಗೆ ಹೋಗುತ್ತದೆ. ಹೆಂಗಸರಲ್ಲಿಯೂ ಬಡವರ ಕೈಗೆ. ಗಂಡಸರಿಗೆ ವಾಹನ ನಿಲ್ಲಿಸುವ ಜಾಗ ತೋರಿಸುವ ಸೇವೆ ಬಹಳ ಪ್ರಿಯ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಆಶ್ರಮಕ್ಕೆ ತೋಟವಿದ್ದರೆ ಅಡಕೆ ಕೊಯ್ಯಬೇಕು, ಸುಲಿಯಬೇಕು, ಬೆಳಕು ಹರಿಯುವ ಮುನ್ನ ರಬ್ಬರು ಮರಕ್ಕೆ ಕತ್ತಿ ಹಚ್ಚಬೇಕು. ಇವು ಕೈ ಪಳಗಿದ ಕೂಲಿಯವರ ಕೆಲಸ. ಅದರ ಸಂಬಳದಿಂದ ಒಂದು ಮನೆಯ ಒಲೆ ಉರಿಯುತ್ತದೆ. ಸ್ವಯಂಸೇವಕರು ಬಂದರೆಂದು ಕೂಲಿಯವರನ್ನು ಬಿಡಿಸಿದರೆ, ಸಂಬಳವಿಲ್ಲದ ಆಳನ್ನು ಪಡೆದಂತಾಯಿತೇ ಹೊರತು ಸೇವೆಯಾಗಲಿಲ್ಲ. ಸಾತ್‌ತಾಲಿನಲ್ಲಿ ಆಳುಗಳಿಗೆ ಕೊಟ್ಟದ್ದು ರಜೆ. ಕೆಲಸದಿಂದ ವಜಾ ಮಾಡಲಿಲ್ಲ. ಈ ಭೇದವನ್ನು ತಿಳಿದ ಮನೆಗೆ ಮಾತ್ರ ನಿಮ್ಮ ರಜೆಯ ದಿನಗಳನ್ನು ಕೊಡಿ. ನೀವೂ ಅಲ್ಲಿ ಬರಿಯ ಆಳಾಗಬಾರದು. ಪ್ರಾರ್ಥನೆಗೆ, ಓದಿಗೆ, ನಿದ್ದೆಗೆ ನಿಮಗೂ ಹೊತ್ತು ದೊರೆಯಬೇಕು. ದೊರೆಯದಿದ್ದರೆ ಮೇಲ್ವಿಚಾರಕರಾದ ಗುರುಗಳನ್ನೋ ಸಿಸ್ಟರನ್ನೋ ಕೇಳುವುದಕ್ಕೆ ಸಂಕೋಚ ಬೇಡ. ಮಾರ್ಥ ಯೇಸುವನ್ನೇ ಕೇಳಿದಳಲ್ಲ.

ಹೋಗುವುದಾದರೆ ಎಲ್ಲರೂ ಹೋಗುವ ತಪಸ್ಸುಕಾಲದಲ್ಲಿ ಬೇಡವೆಂದು ನನ್ನ ಸಲಹೆ. ಆಗ ಕೈಗಳು ಹೆಚ್ಚು, ಮಾತೂ ಹೆಚ್ಚು. ಆಟಿಯ ಮಳೆಯಲ್ಲಿ ಹೋಗಿ. ಆಗ ಧ್ಯಾನಕ್ಕೆ ಬರುವವರು ವಿರಳ. ಬಟ್ಟೆ ಒಣಗುವುದಿಲ್ಲ, ಸೌದೆ ಹೊಗೆಯಾಡುತ್ತದೆ, ಮೆಟ್ಟಲಿನ ಪಾಚಿಯನ್ನು ದಿನವೂ ಉಜ್ಜಬೇಕು. ಎರಡು ಜೊತೆ ಹಳೆಯ ಬಟ್ಟೆ, ಒಂದು ಗಟ್ಟಿ ಕೊಡೆ, ಜಾರದ ಚಪ್ಪಲಿ ತೆಗೆದುಕೊಂಡು ಹೋಗಿ. ಹೋದ ದಿನವೇ ಸರದಿಯ ಪಟ್ಟಿ ಎಲ್ಲಿದೆಯೆಂದು ಕೇಳಿ, ಅದರಲ್ಲಿ ಗುರುಗಳ ಹೆಸರೂ ಇದೆಯೇ ನೋಡಿ.